ಹಿಡಿದುಕೊಂಡ ಟ್ರ್ಯಾಕ್ಟರ್ ಎಂಜಿನ್: ಯಾವ ಭಾಗ ಉಳಿಸಬಹುದು, ಯಾವುದು ಗುಜರಿಗೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಮೂರು ಸಿಲಿಂಡರಿನ 42 ಎಚ್.ಪಿ. ಟ್ರ್ಯಾಕ್ಟರ್ ಇದೆ, ಹಳೆಯದು. ಮೆಕ್ಕೆಜೋಳದ ಒಕ್ಕಣೆ ಯಂತ್ರ ಓಡಿಸುವಾಗ ಆಯಿಲ್ ದೀಪ ಹತ್ತಿತು. ರಾಶಿ ಇನ್ನೇನು ಮುಗಿಯುತ್ತದೆಂದು ಹಾಗೇ ಓಡಿಸಿದೆವು. ಟಕಟಕ ಸದ್ದು ಬಂದು ಎಂಜಿನ್ ಹಿಡಿದುಕೊಂಡಿತು. ಬಿಚ್ಚಿ ನೋಡಿದರೆ ಎರಡನೇ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು) ತಿರುಗಿ ಹೋಗಿದೆ, ಕ್ರ್ಯಾಂಕಿನ ಆ ಪಿನ್ ನೀಲಿಗಟ್ಟಿ ಗೀರು ಬಿದ್ದಿದೆ. ಅದೇ ಸಿಲಿಂಡರಿನ ಲೈನರಿನಲ್ಲೂ (ಪಿಸ್ಟನ್ ಓಡಾಡುವ ಕೊಳವೆ) ಗೀರಿದೆ. ಹೆಡ್ ಬಾಗಿದೆಯಂತೆ. ನೀರು ಹರಿಯುವ ಜಾಗದಲ್ಲೆಲ್ಲ ಕೆಂಪು ತುಕ್ಕು. ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಹೆಡ್, ಬ್ಲಾಕ್ ಎಲ್ಲ ಹೊಸದೇ ಬೇಕು ಎನ್ನುತ್ತಾರೆ ಮೆಕ್ಯಾನಿಕ್. ದಾವಣಗೆರೆಯ ಲೇತಿನವರು ಎಲ್ಲವನ್ನೂ ರಿಪೇರಿ ಮಾಡಿಕೊಡುತ್ತೇನೆ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಒಂದು ಅಳತೆಯಿಲ್ಲ. ಅಂದರೆ ಮೆಕ್ಯಾನಿಕ್ ಹೇಳಿದ್ದೂ ಲೇತಿನವರು ಹೇಳಿದ್ದೂ ಸದ್ಯಕ್ಕೆ ಕಣ್ಣಳತೆಯ ಮಾತು. ಅಳತೆ ಸಿಗುವವರೆಗೆ ಹೊಸ ಸಾಮಾನಿಗೆ ಮುಂಗಡ ಕೊಡಬೇಡಿ, ಹಳೆಯದನ್ನು ಗುಜರಿಗೂ ಹಾಕಬೇಡಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿದ್ದ ಕಾಲದಿಂದಲೂ ನಮ್ಮ ಭಾಗದಲ್ಲಿ ಮೈಕ್ರೋಮೀಟರ್ ಹಿಡಿದು ಕೆಲಸ ಕಲಿತ ಕೈಗಳಿವೆ. ಅಂಥವರು ಅರ್ಧ ದಿನ ಕೂತರೆ ನಿಮ್ಮ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಸಿಗುತ್ತದೆ.

ಎಂಜಿನ್ ಬಿಚ್ಚಿದಾಗ ಸಾಮಾನ್ಯವಾಗಿ ಆಗುವುದು ಹೀಗೆ: ಉಳಿಯಬಹುದಾಗಿದ್ದ ದೊಡ್ಡ ಭಾಗ ಗುಜರಿಗೆ ಹೋಗುತ್ತದೆ, ಬಿಸಾಡಲೇಬೇಕಾದ ಸಣ್ಣ ಸಾಮಾನು ತೊಳೆದು ಮತ್ತೆ ಒಳಗೆ ಸೇರುತ್ತದೆ. ಕ್ರ್ಯಾಂಕ್, ಬ್ಲಾಕ್, ಹೆಡ್ ಇವುಗಳಲ್ಲಿ ಕಂಪನಿಯವರೇ ರಿಪೇರಿಗೆಂದು ಲೋಹ ಬಿಟ್ಟಿರುತ್ತಾರೆ. ಬಿಗ್ ಎಂಡ್ ಬೋಲ್ಟು, ಆಯಿಲ್ ಪಂಪು, ಆಯಿಲ್ ಕೂಲರ್ ಇವುಗಳಲ್ಲಿ ಹಾಗೆ ಬಿಟ್ಟಿರುವುದಿಲ್ಲ. ರಿಪೇರಿಯಾದ ಎಂಜಿನ್ ಒಂದೇ ಹಂಗಾಮಿನಲ್ಲಿ ಮತ್ತೆ ಹಿಡಿದುಕೊಂಡರೆ ಮೊದಲು ಅನುಮಾನಿಸಬೇಕಾದ್ದು ಈ ಸಣ್ಣ ಸಾಮಾನುಗಳನ್ನೇ.

ಭಾಗಗಳಿಗೆ ಕೈ ಹಾಕುವ ಮೊದಲು ಆಯಿಲ್ ಪ್ರೆಶರ್ ಯಾಕೆ ಬಿತ್ತು ಎಂದು ಗೊತ್ತಾಗಬೇಕು. ಕಾರಣ ಸಿಗದೆ ಜೋಡಿಸಿದರೆ ಹೊಸ ಬೇರಿಂಗಿಗೂ ಅದೇ ಗತಿ. ಆಯಿಲ್ ಚೇಂಬರ್ ಇಳಿಸಿದ ತಕ್ಷಣ ಪಂಪಿನ ಜಾಲರಿ ನೋಡಿ. ಹಿಂದೆ ಯಾರಾದರೂ ಪ್ಯಾಕಿಂಗಿಗೆ ಸಿಲಿಕಾನ್ ಪೇಸ್ಟ್ ಧಾರಾಳವಾಗಿ ಬಳಿದಿದ್ದರೆ, ಒಳಗೆ ಉಬ್ಬಿದ ಅಂಚು ಕಿತ್ತು ಬಂದು ಜಾಲರಿಗೆ ಅಂಟಿಕೊಂಡಿರುತ್ತದೆ. ಹೀರುವ ಪೈಪಿನ ಜೋಡಣೆ ಸಡಿಲವಾಗಿದ್ದರೆ ಪಂಪು ಆಯಿಲ್ ಜೊತೆಗೆ ಗಾಳಿಯನ್ನೂ ಎಳೆಯುತ್ತದೆ. ಪ್ರೆಶರ್ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ನಿಂತಿರಬಹುದು, ಅದರ ಸ್ಪ್ರಿಂಗ್ ಮುರಿದಿರಬಹುದು. ಹಳೆ ಆಯಿಲಿನ ಎರಡು ಹನಿ ಬೆರಳಲ್ಲಿ ಉಜ್ಜಿ ನೋಡಿ. ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಪಂಪಿನಿಂದಲೋ ನಾಸಲಿನಿಂದಲೋ ಡೀಸೆಲ್ ಇಳಿದಿದೆ. ಹಾಲುಬಿಳುಪಾಗಿದ್ದರೆ ನೀರು ಸೇರಿದೆ.

ಉಳಿದ ಬೇರಿಂಗ್ ಚಿಪ್ಪುಗಳನ್ನೂ ಎಸೆಯದೆ, ಎಲ್ಲಿಂದ ತೆಗೆದಿರೋ ಆ ನಂಬರ್ ಬರೆದು ಸಾಲಾಗಿ ಇಡಿ. ಎಲ್ಲ ಚಿಪ್ಪುಗಳಲ್ಲೂ ಮೇಲಿನ ಪದರ ಒರೆಸಿಹೋಗಿದ್ದರೆ ಆಯಿಲ್ ಕೊರತೆ ಇಡೀ ಎಂಜಿನ್ನಿಗೆ ಆಗಿದೆ. ಎರಡನೆಯದು ಮಾತ್ರ ಹಾಳಾಗಿ ಉಳಿದವು ಚೆನ್ನಾಗಿದ್ದರೆ ಆ ಪಿನ್ನಿಗೆ ಹೋಗುವ ರಂಧ್ರ ಕಟ್ಟಿದೆ, ಇಲ್ಲವೇ ಆ ರಾಡಿನ ಬೋಲ್ಟು ಸಡಿಲವಾಗಿತ್ತು. ಚಿಪ್ಪಿನಲ್ಲಿ ಸಣ್ಣ ಸಣ್ಣ ಗೆರೆ, ಅದರಲ್ಲಿ ಚುಚ್ಚಿಕೊಂಡ ಕಣ ಕಂಡರೆ ಧೂಳು. ಜಗಳೂರು, ಚಳ್ಳಕೆರೆ ಕಡೆಯ ಒಕ್ಕಣೆ ಧೂಳಿನಲ್ಲಿ ಏರ್ ಕ್ಲೀನರಿನ ರಬ್ಬರ್ ಹೋಸ್ ಒಂದಿಷ್ಟು ಸೀಳಿದ್ದರೂ ಸಾಕು. ಹೋಸನ್ನು ಕಳಚಿ ಒಳಗೋಡೆ ಬೆರಳಿನಿಂದ ಸವರಿ, ಮಣ್ಣು ಅಂಟಿದರೆ ಅಲ್ಲಿಂದಲೇ ಬಂದಿದೆ.

ಈಗ ಕ್ರ್ಯಾಂಕ್. ಹೆಚ್ಚು ದುಡ್ಡು ಉಳಿಯುವುದೂ ಇಲ್ಲೇ, ಎಚ್ಚರ ತಪ್ಪಿದರೆ ಹೆಚ್ಚು ದುಡ್ಡು ಹೋಗುವುದೂ ಇಲ್ಲೇ.

ಮೊದಲು ಬಿರುಕು ಇದೆಯೇ ನೋಡಬೇಕು, ಸೈಜು ಆಮೇಲೆ. ಬಿರುಕಿದ್ದರೆ ಮುಂದಿನ ಯಾವ ಕೂಲಿಯೂ ದಂಡ. ಅಯಸ್ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಮಾಡುವ ಬಿರುಕು ಪರೀಕ್ಷೆಯ ಸೌಲಭ್ಯ ದೊಡ್ಡ ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡಿಗಳಲ್ಲಿರುತ್ತದೆ. ಅದು ಸಿಗದಿದ್ದರೆ ಕೆಂಪು ಡೈ ಸ್ಪ್ರೇ ಬಳಸಬಹುದು: ತೊಳೆದು ಒಣಗಿಸಿ, ಡೈ ಹೊಡೆದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸಿ, ಡೆವಲಪರ್ ಹೊಡೆದರೆ ಬಿರುಕಿನ ಗುಂಟ ಕೆಂಪು ಗೆರೆ ಮೂಡುತ್ತದೆ. ಪಿನ್ ಮತ್ತು ವೆಬ್ (ಪಿನ್ನಿನ ಪಕ್ಕದ ತೋಳು) ಸೇರುವ ಮೂಲೆ, ಆಯಿಲ್ ರಂಧ್ರದ ಬಾಯಿ, ಈ ಎರಡು ಜಾಗವನ್ನು ವಿಶೇಷವಾಗಿ ನೋಡಿ. ಸುತ್ತಿಗೆಯಿಂದ ತಟ್ಟಿ ನಾದ ಕೇಳುವ ಪದ್ಧತಿಯಿಂದ ದೊಡ್ಡ ಬಿರುಕು ಗೊತ್ತಾಗಬಹುದು. ಮೂಲೆಯ ಕೂದಲೆಳೆ ಬಿರುಕು ಗೊತ್ತಾಗುವುದಿಲ್ಲ, ಅದನ್ನು ನಂಬಿ ಕೂರಬೇಡಿ. ಮೂಲೆಯಲ್ಲಿ ಬಿರುಕು ಕಂಡರೆ ಕ್ರ್ಯಾಂಕ್ ಗುಜರಿಗೆ, ಬೇರೆ ಮಾತಿಲ್ಲ.

ಬಿರುಕಿಲ್ಲವೆಂದರೆ ಅಳತೆ. 50ರಿಂದ 75 ಮಿ.ಮೀ. ಮೈಕ್ರೋಮೀಟರಿನಿಂದ ಪ್ರತಿ ಪಿನ್ನನ್ನೂ ಪ್ರತಿ ಮೇನ್ ಜರ್ನಲನ್ನೂ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) ಎರಡು ತುದಿಯಲ್ಲಿ, ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನಲ್ಲಿ ಅಳೆಯಿಸಿ. ಉದಾಹರಣೆಗೆ, ಮ್ಯಾಸಿ ಫರ್ಗ್ಯೂಸನ್‌ ಟ್ರ್ಯಾಕ್ಟರುಗಳಿಂದ ಹೆಸರಾದ ಪರ್ಕಿನ್ಸ್ ವಿನ್ಯಾಸದ 152 ಘನ ಇಂಚಿನ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಬೋರ್ 91.4 ಮಿ.ಮೀ., ಸ್ಟ್ರೋಕ್ 127 ಮಿ.ಮೀ., ಬಿಗ್ ಎಂಡ್ ಪಿನ್ ಹೊಸದಿದ್ದಾಗ ಸುಮಾರು 57.1, ಮೇನ್ ಜರ್ನಲ್ ಸುಮಾರು 69.8 ಮಿ.ಮೀ. ನಿಮ್ಮದು ಬೇರೆ ಎಂಜಿನ್ ಆಗಿದ್ದರೆ ಅದರ ಪುಸ್ತಕದ ಅಂಕಿಯನ್ನೇ ಹಿಡಿಯಿರಿ. ಪಿನ್ ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿನಲ್ಲಿ 0.03 ಮಿ.ಮೀ.ಗಿಂತ ಹೆಚ್ಚು ಸವೆದಿದ್ದರೆ ಗ್ರೈಂಡಿಂಗ್ ಬೇಕು. ಉಗುರಿಗೆ ಸಿಕ್ಕುವ ಗೀರಿದ್ದರೂ ಬೇಕು. ಎಮೆರಿ ಪಟ್ಟಿ ಸುತ್ತಿ ಕೈಯಲ್ಲಿ ಉಜ್ಜಿದರೆ ಪಿನ್ ಹೊಳೆಯುತ್ತದೆ, ಆದರೆ ದುಂಡಗಾಗುವುದಿಲ್ಲ.

ಗ್ರೈಂಡಿಂಗ್ ಮಾಡುವುದು ಹತ್ತು, ಇಪ್ಪತ್ತು, ಮೂವತ್ತು ಥೌ (ಇಂಚಿನ ಸಾವಿರದ ಒಂದು ಪಾಲು) ಸೈಜಿಗೆ, ಅಂದರೆ 0.25, 0.50, 0.75 ಮಿ.ಮೀ. ಕಡಿಮೆ ಮಾಡಿ. ಇವುಗಳಿಗೆ ಹೊಂದುವ ಬೇರಿಂಗ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಬೇರಿಂಗ್ ಸೆಟ್ಟಾಗಿ ಬರುವುದರಿಂದ ಎರಡನೇ ಪಿನ್ ಇಪ್ಪತ್ತು ಥೌ ಬೇಡಿದರೆ ಮೂರೂ ಪಿನ್ನುಗಳು ಇಪ್ಪತ್ತಕ್ಕೇ ಹೋಗಬೇಕು. ಮೇನ್ ಜರ್ನಲುಗಳಿಗೆ ಲೆಕ್ಕ ಬೇರೆ. ಅವು ಸ್ಟ್ಯಾಂಡರ್ಡ್ ಅಳತೆಯಲ್ಲೇ ಚೆನ್ನಾಗಿದ್ದರೆ ಮುಟ್ಟುವುದು ಬೇಡ. ಮೂವತ್ತಕ್ಕೂ ಗೀರು ಹೋಗದಿದ್ದರೆ ಸಬ್‌ಮರ್ಜ್ಡ್ ಆರ್ಕ್ ವೆಲ್ಡಿಂಗಿನಿಂದ ಲೋಹ ತುಂಬಿಸಿ ಮತ್ತೆ ಗ್ರೈಂಡ್ ಮಾಡುವ ಕಾರ್ಖಾನೆಗಳಿವೆ. ಆದರೆ ಆ ಹಂತಕ್ಕೆ ಬಂದ ಟ್ರ್ಯಾಕ್ಟರ್ ಕ್ರ್ಯಾಂಕಿಗೆ ಹೊಸದೇ ಮೇಲು. ಸಾಮಾನ್ಯ ವೆಲ್ಡಿಂಗ್ ಅಂಗಡಿಯಲ್ಲಿ ಕೈರಾಡಿನಿಂದ ಪಿನ್ನಿನ ಮೇಲೆ ವೆಲ್ಡ್ ಹಾಕಿಸಲೇಬೇಡಿ. ಬೆಸುಗೆಯ ಪಕ್ಕದ ಉಕ್ಕು ಪೆಡಸಾಗಿ, ಲೋಡಿನಲ್ಲಿ ಅಲ್ಲೇ ತುಂಡಾಗುತ್ತದೆ.

ಗ್ರೈಂಡಿಂಗಿಗೆ ಕೊಡುವಾಗ ಒಂದು ಮಾತನ್ನು ಬಾಯಿಬಿಟ್ಟು ಹೇಳಿ: ಮೂಲೆಯ ದುಂಡು ಉಳಿಯಬೇಕು. ಪಿನ್ ವೆಬ್ಬಿಗೆ ಸೇರುವಲ್ಲಿ ಈ ಗಾತ್ರದ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಮಿ.ಮೀ. ತ್ರಿಜ್ಯದ ದುಂಡಿರುತ್ತದೆ. ಗ್ರೈಂಡಿಂಗ್ ಚಕ್ರದ ಅಂಚನ್ನು ಅದೇ ದುಂಡಿಗೆ ಡ್ರೆಸ್ ಮಾಡದೆ ಓಡಿಸಿದರೆ ಮೂಲೆ ಚೂಪಾಗುತ್ತದೆ. ಬಾಗುವ ಬಲವೆಲ್ಲ ಆ ಚೂಪು ಗೆರೆಯಲ್ಲಿ ಸೇರಿ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಹಾಗೆಂದು ದುಂಡು ತೀರಾ ದೊಡ್ಡದಾದರೂ ಬೇರಿಂಗಿನ ಅಂಚು ಅದರ ಮೇಲೆ ಹತ್ತಿ ಕೂರುತ್ತದೆ. ರೇಡಿಯಸ್ ಗೇಜ್ ಇಟ್ಟು ತೋರಿಸಿ ಎಂದು ಕೇಳಿ, ಒಳ್ಳೆಯ ಕೆಲಸಗಾರರು ಬೇಸರಪಡುವುದಿಲ್ಲ. ಆಯಿಲ್ ರಂಧ್ರದ ಬಾಯಿಯ ಚೂಪು ಅಂಚನ್ನೂ ಮುರಿಸಿ, ಕೊನೆಯಲ್ಲಿ ಪಾಲಿಶ್ ಮಾಡಿಸಿ.

ನೀಲಿ ಬಣ್ಣದ ವಿಷಯ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನೀಲಿಗಟ್ಟುತ್ತದೆ. ಮೇಲ್ಮೈಯ ಗಡಸುತನ ಅಲ್ಲಿ ಇಳಿದಿರಬಹುದು. ಇಂಡಕ್ಷನ್ ಹಾರ್ಡನಿಂಗ್ ಮಾಡಿದ ಕ್ರ್ಯಾಂಕಿನಲ್ಲಿ ಗಡಸು ಪದರ ಕೆಲವು ಮಿ.ಮೀ. ಆಳವಿರುತ್ತದೆ, ಮೂವತ್ತು ಥೌ ತೆಗೆದರೂ ಉಳಿಯುತ್ತದೆ. ನೈಟ್ರೈಡಿಂಗ್ ಮಾಡಿದ ಕ್ರ್ಯಾಂಕಿನಲ್ಲಿ ಪದರ ತೀರಾ ತೆಳು, ಗ್ರೈಂಡ್ ಮಾಡಿದರೆ ಹೋಗಿಬಿಡುತ್ತದೆ, ಮತ್ತೆ ನೈಟ್ರೈಡಿಂಗ್ ಬೇಕು. ನಿಮ್ಮದು ಯಾವುದೆಂದು ಪಾರ್ಟ್ಸ್ ಪುಸ್ತಕದಿಂದ ತಿಳಿಯಿರಿ. ಗ್ರೈಂಡ್ ಆದ ಮೇಲೆ ಎರಡನೇ ಪಿನ್ನಿನ ಗಡಸುತನವನ್ನು ಮೀಟರಿನಿಂದ ಅಳೆದು ಮೂರನೆಯದರ ಜೊತೆ ಹೋಲಿಸಿ. ರಾಕ್‌ವೆಲ್ ಸಿ ಅಳತೆಯಲ್ಲಿ ಐದು ಪಾಯಿಂಟಿಗಿಂತ ಹೆಚ್ಚು ಇಳಿದಿದ್ದರೆ ಹಾಗೇ ಜೋಡಿಸಬೇಡಿ. ಸುಟ್ಟ ಪಿನ್ನಿಗೆ ಗ್ರೈಂಡಿಂಗ್ ಆದ ನಂತರ ಬಿರುಕು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಶಾಖದಿಂದ ಬಿದ್ದ ನವಿರು ಬಿರುಕುಗಳು ಮೇಲಿನ ಪದರ ಹೋದ ಮೇಲೆ ಕಾಣುವುದುಂಟು.

ಕ್ರ್ಯಾಂಕ್ ಬಾಗಿದೆಯೇ ಎಂದೂ ನೋಡಿಸಿ. ಎರಡು ತುದಿಯ ಮೇನ್‌ಗಳನ್ನು ವಿ-ಬ್ಲಾಕಿನ ಮೇಲಿಟ್ಟು ನಡುವಿನ ಮೇನ್‌ಗೆ ಡಯಲ್ ಗೇಜ್ ಹಚ್ಚಿ ನಿಧಾನ ತಿರುಗಿಸಿದರೆ ಮುಳ್ಳಿನ ಒಟ್ಟು ಓಡಾಟ 0.05 ಮಿ.ಮೀ. ಒಳಗಿರಬೇಕು. ಎಲ್ಲ ಮುಗಿದ ಮೇಲೆ ಆಯಿಲ್ ದಾರಿಯ ಪ್ಲಗ್ಗುಗಳನ್ನು ಬಿಚ್ಚಿಸಿ, ಉದ್ದ ಬ್ರಶ್ ಹಾಕಿ ಡೀಸೆಲಿನಲ್ಲಿ ತೊಳೆದು ಗಾಳಿ ಹೊಡೆಯಿರಿ. ಕರಗಿದ ಬೇರಿಂಗಿನ ಚೂರು ಮತ್ತು ಗ್ರೈಂಡಿಂಗ್ ಪುಡಿ ಈ ಓರೆ ರಂಧ್ರಗಳಲ್ಲೇ ಅಡಗಿ ಕೂತಿರುತ್ತವೆ, ಮೊದಲ ಹತ್ತು ನಿಮಿಷದಲ್ಲೇ ಹೊಸ ಬೇರಿಂಗನ್ನು ತಿಂದುಹಾಕುತ್ತವೆ.

ಕನೆಕ್ಟಿಂಗ್ ರಾಡುಗಳಲ್ಲಿ ಎರಡನೆಯದನ್ನು ಬಿಟ್ಟುಬಿಡಿ. ಬೇರಿಂಗ್ ಒಳಗೆ ತಿರುಗಿದ ರಾಡಿನ ಕಣ್ಣು ಗೀರಿ, ಕಾದು, ಅಂಡಾಕಾರವಾಗಿರುತ್ತದೆ. ಕ್ಯಾಪಿನ ಮುಖ ಒಂದಿಷ್ಟು ಗ್ರೈಂಡ್ ಮಾಡಿ ಮತ್ತೆ ದುಂಡಗೆ ಹೋನ್ ಮಾಡುವ (ಕಲ್ಲಿನಿಂದ ನವಿರಾಗಿ ಉಜ್ಜುವ) ವಿಧಾನ ಇದ್ದೇ ಇದೆ, ಕಾಯದ ರಾಡಿಗೆ ಅದು ಒಳ್ಳೆಯದೇ. ಬಣ್ಣ ತಿರುಗಿದ ರಾಡಿಗೆ ಅದನ್ನು ಮಾಡಬಾರದು. ರಾಡ್ ಮುರಿದರೆ ಬ್ಲಾಕಿನ ಗೋಡೆಯನ್ನೇ ಒಡೆದು ಹೊರಬರುತ್ತದೆ. ಒಂದನೇ ಮತ್ತು ಮೂರನೇ ರಾಡಿನ ಬಾಗು ಮತ್ತು ತಿರುಚು ನೋಡಿಸಿ (100 ಮಿ.ಮೀ. ಉದ್ದಕ್ಕೆ 0.05 ಮಿ.ಮೀ. ಮಿತಿ), ಸಣ್ಣ ಬುಶ್ ಹೊಸದು ಹಾಕಿ ಪಿಸ್ಟನ್ ಪಿನ್ನಿಗೆ ತಕ್ಕಂತೆ ಬೋರ್ ಮಾಡಿಸಿ. ಹೊಸ ರಾಡ್ ಉಳಿದೆರಡರ ತೂಕಕ್ಕೆ ಹೊಂದಬೇಕು. ಕ್ಯಾಪುಗಳು ಅದಲು ಬದಲಾಗಬಾರದು, ಅವುಗಳ ಮೇಲಿನ ನಂಬರ್ ಒಂದೇ ಬದಿಗೆ ಬರಬೇಕು.

ಬೇರಿಂಗ್ ಸಡಿಲ ಎನಿಸಿದಾಗ ಚಿಪ್ಪಿನ ಹಿಂದೆ ಕಾಗದವನ್ನೋ ತಗಡಿನ ಚೂರನ್ನೋ ಇಡುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಚಿಪ್ಪಿನ ಬೆನ್ನು ರಾಡಿನ ಕಣ್ಣಿಗೆ ಪೂರ್ತಿ ಅಂಟಿಕೊಂಡಿದ್ದರೆ ಮಾತ್ರ ಶಾಖ ಹೊರಗೆ ಹೋಗುತ್ತದೆ. ನಡುವೆ ಕಾಗದ ಬಂದರೆ ಶಾಖ ಅಲ್ಲೇ ನಿಲ್ಲುತ್ತದೆ, ಚಿಪ್ಪಿನ ಹಿಡಿತವೂ ತಪ್ಪುತ್ತದೆ, ಬೇರಿಂಗ್ ಮತ್ತೆ ತಿರುಗುತ್ತದೆ. ಇದನ್ನು ಯಾರೇ ಹೇಳಿದರೂ ಒಪ್ಪಬೇಡಿ. ಆಯಿಲ್ ಸಂದು ಸ್ಥೂಲವಾಗಿ ಪಿನ್ನಿನ ವ್ಯಾಸದ ಸಾವಿರದ ಒಂದು ಪಾಲು, 57 ಮಿ.ಮೀ. ಪಿನ್ನಿಗೆ 0.06 ಮಿ.ಮೀ. ಆಸುಪಾಸು ಎಂದುಕೊಳ್ಳಿ. ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ಅಳತೆ ಎಳೆಯನ್ನು ಪಿನ್ನಿನ ಮೇಲಿಟ್ಟು ಕ್ಯಾಪನ್ನು ಪೂರ್ತಿ ಟಾರ್ಕಿಗೆ ಬಿಗಿದು ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಅದರ ಪಟ್ಟಿಯ ಜೊತೆ ಹೋಲಿಸಿದರೆ ಸಂದು ತಿಳಿಯುತ್ತದೆ. ಎಳೆ ಇಟ್ಟಾಗ ಕ್ರ್ಯಾಂಕ್ ತಿರುಗಿಸಬಾರದು.

ಬ್ಲಾಕ್ ಹೊಸದು ಬೇಕೆಂಬ ಮಾತನ್ನು ನಾವು ಸುಲಭಕ್ಕೆ ಒಪ್ಪುವುದಿಲ್ಲ. ಗೀರು ಬಿದ್ದಿರುವುದು ಲೈನರಿಗೆ. ಲೈನರ್ ಇರುವುದೇ ಬದಲಿಸುವುದಕ್ಕೆ. ಬ್ಲಾಕಿನಲ್ಲಿ ನೋಡಬೇಕಾದ್ದು ಮೂರು. ನೀರಿನ ಗೋಡೆಯಲ್ಲೋ ಮೇನ್ ಬೇರಿಂಗಿನ ತೊಲೆಯಲ್ಲೋ ಬಿರುಕು. ಮೇನ್ ಬೇರಿಂಗಿನ ಕಣ್ಣುಗಳು ಒಂದೇ ಸಾಲಿನಲ್ಲಿವೆಯೇ ಎಂಬುದು: ನೇರಪಟ್ಟಿ ಇಟ್ಟಾಗ 0.04 ಮಿ.ಮೀ. ಫೀಲರ್ ಎಲ್ಲೂ ನುಗ್ಗಬಾರದು, ನುಗ್ಗಿದರೆ ಲೈನ್ ಬೋರಿಂಗ್ (ಕಣ್ಣುಗಳನ್ನೆಲ್ಲ ಒಂದೇ ಸಾಲಿಗೆ ಕೊರೆಯುವುದು) ಬೇಕು. ಮೂರನೆಯದು ಲೈನರ್ ಕೂರುವ ಜಾಗ. ಡ್ರೈ ಲೈನರಾದರೆ (ಹೊರಮೈಗೆ ನೀರು ತಾಗದ್ದು) ಪ್ರೆಸ್ಸಿನಿಂದ ಹೊರತೆಗೆದು ಬ್ಲಾಕಿನ ಬೋರ್ ಅಳೆಯಿರಿ. ಅದೂ ಹಿಗ್ಗಿದ್ದರೆ ಹೊರಮೈ ದಪ್ಪಗಿರುವ ಓವರ್‌ಸೈಜ್ ಲೈನರ್ ವಿಚಾರಿಸಿ. ಕೆಲವು ಲೈನರ್ ಕೂರಿಸಿದ ಮೇಲೆ ಬೋರಿಂಗ್, ಹೋನಿಂಗ್ ಬೇಡುತ್ತವೆ, ಕೆಲವು ಪೂರ್ತಿ ತಯಾರಾಗಿಯೇ ಬರುತ್ತವೆ, ಕೊಳ್ಳುವಾಗಲೇ ಕೇಳಿ. ವೆಟ್ ಲೈನರಾದರೆ (ಹೊರಮೈಗೆ ನೀರು ತಾಗುವುದು) ಮೇಲಿನ ಅಂಚು ಕೂರುವ ಮೆಟ್ಟಿಲು ಮತ್ತು ಕೆಳಗಿನ ಓ-ರಿಂಗ್ ಜಾಗವನ್ನು ತುಕ್ಕು ಕೆರೆದು ನೋಡಿ. ಮೆಟ್ಟಿಲು ತಗ್ಗಿದ್ದರೆ ಅದನ್ನು ಸಮ ಮಾಡಿ ಕೆಳಗೆ ಶಿಮ್ (ತೆಳು ಉಂಗುರ) ಇಟ್ಟು, ಲೈನರ್ ಬ್ಲಾಕಿನ ಮೇಲೆ ಪುಸ್ತಕ ಹೇಳಿದಷ್ಟೇ ಎದ್ದಿರುವಂತೆ ಮಾಡಬೇಕು. ಎದ್ದಿರುವುದು ಕಡಿಮೆಯಾದರೆ ಹೆಡ್ ಪ್ಯಾಕಿಂಗ್ ಊದುತ್ತದೆ.

ಒಂದು ಲೈನರ್ ಮಾತ್ರ ಬದಲಿಸಬಹುದೇ? ಉಳಿದ ಬೋರುಗಳು ಮೇಲಿನ ರಿಂಗ್ ತಿರುಗುವ ಜಾಗದಲ್ಲಿ 0.20 ಮಿ.ಮೀ.ಗಿಂತ ಹೆಚ್ಚು ಸವೆದಿದ್ದರೆ ಮೂರೂ ಬದಲಿಸಿ. ಲೈನರ್, ಪಿಸ್ಟನ್, ರಿಂಗು, ಪಿಸ್ಟನ್ ಪಿನ್ ಒಟ್ಟಾಗಿ ಕಿಟ್ ಸಿಗುವುದರಿಂದ ಹಳೆ ಪಿಸ್ಟನ್ ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಹೊಸ ರಿಂಗನ್ನು ಪಿಸ್ಟನ್ ತಲೆಯಿಂದಲೇ ನೇರವಾಗಿ ಬೋರಿನೊಳಗೆ ತಳ್ಳಿ ಬಾಯಿ ಸಂದು ಅಳೆಯಿರಿ, 91 ಮಿ.ಮೀ. ಬೋರಿಗೆ 0.3ರಿಂದ 0.4 ಮಿ.ಮೀ. ಇರಬೇಕು.

ಹೆಡ್ಡನ್ನು ಬರೀ ಬಾಗಿದೆ ಎಂದು ಎಸೆಯಬೇಡಿ. ಉದ್ದಕ್ಕೆ 0.15, ಅಡ್ಡಕ್ಕೆ 0.08 ಮಿ.ಮೀ. ಮೀರಿದ್ದರೆ ಮುಖ ಸಮ ಮಾಡಿಸಿದರೆ ಸಾಕು. ಆದರೆ ಲೋಹ ತೆಗೆದಷ್ಟೂ ಡೀಸೆಲ್ ನಾಸಲಿನ ತುದಿ ಕೆಳಗೆ ಚಾಚುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಆದ್ದರಿಂದ ಕನಿಷ್ಠ ದಪ್ಪ ಎಷ್ಟೆಂದು ಪುಸ್ತಕದಲ್ಲಿ ನೋಡಿ, ಸೀಟು ಕತ್ತರಿಸಿದ ಮೇಲೆ ವಾಲ್ವ್ ಎಷ್ಟು ಒಳಗೆ ಕೂರುತ್ತದೆಂದು ಅಳೆಯಿರಿ. 1.5 ಮಿ.ಮೀ. ದಾಟಿದರೆ ಕಂಪ್ರೆಶನ್ ಇಳಿದು ಹೊಗೆ ಶುರುವಾಗುತ್ತದೆ; ಆಗ ಹೊಸ ಸೀಟು ಕೂರಿಸಬೇಕು. ಬಿರುಕಿಗೆ ನೀರಿನ ದಾರಿಗಳನ್ನು ಮುಚ್ಚಿ, ಬಿಸಿನೀರಿನಲ್ಲಿ ಮುಳುಗಿಸಿ, 2ರಿಂದ 3 ಬಾರ್ ಗಾಳಿ ಕೊಟ್ಟು ಗುಳ್ಳೆ ನೋಡುತ್ತಾರೆ. ಬಿಸಿನೀರೇ ಆಗಬೇಕು, ತಣ್ಣಗಿದ್ದಾಗ ಮುಚ್ಚಿಕೊಂಡ ಬಿರುಕು ಕಾದಾಗ ಬಾಯಿ ಬಿಡುತ್ತದೆ. ಎರಡು ವಾಲ್ವ್ ಸೀಟುಗಳ ನಡುವಿನ ಚಿಕ್ಕ ಬಿರುಕನ್ನು ಪಿನ್ ಹೊಲಿಗೆ ಹಾಕಿ (ಬಿರುಕಿನ ಗುಂಟ ಸಣ್ಣ ಲೋಹದ ಪಿನ್ನುಗಳನ್ನು ಸಾಲಾಗಿ ಕೂರಿಸಿ), ಸೀಟು ಕೂರಿಸಿ ಉಳಿಸಬಹುದು. ನಾಸಲಿನ ರಂಧ್ರಕ್ಕೋ ಪ್ಯಾಕಿಂಗಿನ ಬೆಂಕಿ ಉಂಗುರದ ಜಾಗಕ್ಕೋ ಬಿರುಕು ತಲುಪಿದ್ದರೆ ಹೆಡ್ ಬದಲಿಸಿ.

ಕೆಂಪು ತುಕ್ಕು ಮತ್ತು ಬಿಳಿ ಪಾಚು (ಗಡಸು ನೀರು ಬಿಟ್ಟ ಸುಣ್ಣದ ಪದರ) ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿದ್ದರ ಗುರುತು. ಪಾಚು ಕಟ್ಟಿದ ಗೋಡೆಯಿಂದ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ, ಹೆಡ್ ಬಾಗಲು ಇದೂ ಕಾರಣವಾಗಿರಬಹುದು. ಬ್ಲಾಕ್ ಬಿಚ್ಚಿರುವಾಗಲೇ ಜಾಕೆಟ್ಟಿನ ಪ್ಲಗ್ಗುಗಳನ್ನು ತೆಗೆದು ತಂತಿಯಿಂದ ಕೆರೆದು ತೊಳೆಸಿ, ರೇಡಿಯೇಟರಿನ ಕೊಳವೆಗಳನ್ನೂ ಸ್ವಚ್ಛ ಮಾಡಿಸಿ. ಮುಂದೆ ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲಂಟ್ ಬೆರೆಸಿ ಹಾಕಿ. ಅದು ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರಾದರೂ ಬೋರ್‌ವೆಲ್ ನೀರಿಗಿಂತ ಎಷ್ಟೋ ವಾಸಿ.

ಉಳಿಸಲೇಬಾರದ ಸಾಮಾನುಗಳು: ಬಿಗ್ ಎಂಡ್ ಬೋಲ್ಟು-ನಟ್ಟು, ಎಲ್ಲ ಬೇರಿಂಗು, ಥ್ರಸ್ಟ್ ವಾಷರು (ಕ್ರ್ಯಾಂಕ್ ಉದ್ದಕ್ಕೆ ಸರಿಯದಂತೆ ತಡೆಯುವುದು), ಪ್ಯಾಕಿಂಗು, ಸೀಲು. ಇದ್ದರೆ ಆಯಿಲ್ ಕೂಲರನ್ನೂ ಬದಲಿಸಿ. ಅದರ ಸಣ್ಣ ದಾರಿಗಳಲ್ಲಿ ಹೊಕ್ಕ ಲೋಹದ ಪುಡಿ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ. ಆಯಿಲ್ ಪಂಪು ರೋಟರ್ ಮಾದರಿಯದಾದರೆ ಒಳ ಮತ್ತು ಹೊರ ರೋಟರಿನ ತುದಿಗಳ ನಡುವಿನ ಸಂದು 0.15, ಮುಚ್ಚಳಕ್ಕೂ ರೋಟರಿಗೂ ನಡುವೆ 0.10 ಮಿ.ಮೀ. ಒಳಗಿರಬೇಕು. ಮುಚ್ಚಳದ ಗೀರನ್ನು ಗಾಜಿನ ಮೇಲೆ ವಾಲ್ವ್ ಪೇಸ್ಟ್ ಹಾಕಿ ತೀಡಿ ತೆಗೆಯಬಹುದು. ಆದರೆ ನಿಮ್ಮ ಪಂಪಿನೊಳಗೆ ಬೇರಿಂಗಿನ ಲೋಹ ಹಾದುಹೋಗಿದೆ, ಹೊಸದೇ ಹಾಕಿ. ಡೀಸೆಲ್ ಪಂಪು ಮತ್ತು ನಾಸಲುಗಳನ್ನು ಪಂಪ್ ಅಂಗಡಿಯಲ್ಲಿ ಪರೀಕ್ಷೆಗೆ ಕೊಡಿ, ಕೊಟ್ಟಿಗೆಯಲ್ಲಿ ಬಿಚ್ಚಬೇಡಿ.

ಜೋಡಿಸುವ ಮೊದಲು ಬ್ಲಾಕಿನ ಬೋರುಗಳನ್ನು ಬಿಸಿನೀರು, ಸೋಪಿನ ಪುಡಿ, ಬ್ರಶ್ ಹಾಕಿ ತೊಳೆಯಿರಿ. ಹೋನಿಂಗಿನ ಕಣ ಬರೀ ಡೀಸೆಲಿಗೆ ಬಿಡುವುದಿಲ್ಲ. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದಾಗ ಬಟ್ಟೆ ಬೂದಾಗದೆ ಬಿಳಿಯಾಗೇ ಉಳಿಯುವವರೆಗೆ ತೊಳೆದು, ತಕ್ಷಣ ಆಯಿಲ್ ಸವರಿ. ಕ್ರ್ಯಾಂಕ್ ಕೂರಿಸಿದ ಮೇಲೆ ಉದ್ದಕ್ಕೆ ಎಷ್ಟು ಆಡುತ್ತದೆಂದು ಡಯಲ್ ಗೇಜಿನಿಂದ ನೋಡಿ. ಪರ್ಕಿನ್ಸ್ ಮೂರು ಸಿಲಿಂಡರಿಗೆ 0.05ರಿಂದ 0.38 ಮಿ.ಮೀ.; ಹೆಚ್ಚಾದರೆ ಓವರ್‌ಸೈಜ್ ಥ್ರಸ್ಟ್ ವಾಷರ್ ಸಿಗುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಪಂಪಿನೊಳಗೆ ಆಯಿಲ್ ತುಂಬಿ, ಡೀಸೆಲ್ ಬಂದ್ ಮಾಡಿ, ಪ್ರೆಶರ್ ತೋರಿಸುವವರೆಗೆ ಸೆಲ್ಫ್ ತಿರುಗಿಸಿ, ಒಂದೊಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂತೆ. ದೀಪದ ಜೊತೆಗೆ ಮುಳ್ಳಿನ ಗೇಜ್ ಒಂದನ್ನು ಹಾಕಿಸಿ, ಇದಕ್ಕೆ ಹಿಂದೆಮುಂದೆ ನೋಡಬೇಡಿ. ದೀಪ ಹತ್ತುವುದು ಪ್ರೆಶರ್ ಬಹುತೇಕ ಬಿದ್ದ ಮೇಲೆ. ಗೇಜಾದರೆ ಇಳಿಯುತ್ತಿರುವಾಗಲೇ ಹೇಳುತ್ತದೆ. ಈ ವರ್ಗದ ಎಂಜಿನ್ ಕಾದು ಪೂರ್ತಿ ವೇಗದಲ್ಲಿರುವಾಗ 30ರಿಂದ 60 ಪಿ.ಎಸ್.ಐ. ಇರಬೇಕು.

ರನ್ನಿಂಗ್ ಇನ್ ಹೆಸರಿನಲ್ಲಿ ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸಬೇಡಿ. ಲೋಡಿಲ್ಲದೆ ರಿಂಗು ಬೋರಿಗೆ ಕೂರುವುದಿಲ್ಲ, ಬೋರ್ ಬರೀ ಹೊಳಪಾಗಿ ಆಯಿಲ್ ತಿನ್ನಲು ಶುರುಮಾಡುತ್ತದೆ. ಅರ್ಧ ಲೋಡಿನ ಟ್ರೇಲರ್, ಹಗುರ ಕುಂಟೆ, ವೇಗ ಹೆಚ್ಚು ಕಡಿಮೆಯಾಗುವ ಕೆಲಸ ಒಳ್ಳೆಯದು. ಭದ್ರಾ ನಾಲೆ ಕಡೆಯ ಗದ್ದೆಗೆ ಬಾಡಿಗೆಗೆ ಹೋಗುವವರಾದರೆ, ಕೆಸರು ಮಾಡುವ ಕೆಲಸಕ್ಕೂ ಒಕ್ಕಣೆ ಯಂತ್ರಕ್ಕೂ ಮೊದಲ 50 ಗಂಟೆ ಇಳಿಸಬೇಡಿ. ಆ 50 ಗಂಟೆ ಮುಗಿದ ದಿನವೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಳೆ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ. ಬೂದು ಪುಡಿ ಸ್ವಲ್ಪ ಇದ್ದರೆ ಸಹಜ. ಹೊಳೆಯುವ ಚಕ್ಕೆಗಳು ಕಂಡರೆ ಎಂಜಿನ್ ನಿಲ್ಲಿಸಿ, ಚೇಂಬರ್ ಇಳಿಸಿ, ಎರಡನೇ ಪಿನ್ನಿನ ಕ್ಯಾಪನ್ನು ಮೊದಲು ಬಿಚ್ಚಿ.